ರಿಸರ್ವ್‌ನಿಂದ ರಿಸರ್ವ್‌ಗೆ

ಊರಿನ ಹುಡುಗಿಯರ ಹತ್ತನೆಯ ತರಗತಿಯ ಪರೀಕ್ಷೆ ಶುರುವಾಗಲು ಒಂಬತ್ತು ದಿನ ಇರುವಾಗ ನನ್ನ ನೋಟ್‌ಬುಕ್ಕಿನಲ್ಲಿ ಹೊಸದಾಗಿ ಒಂದು ಕಾಲಂ ಎಳೆದೆ. ಮೇಲೆ ‘ಸೆಲ್ಫ್’ ಎಂದು ಬರೆದೆ. ಬೆಳಿಗ್ಗೆ ಚಾವಿ ಎಷ್ಟು ಸಲ ತಿರುಗಿಸಿದ ಮೇಲೆ ವ್ಯಾನಿನ ಎಂಜಿನ್ ಎದ್ದಿತು ಎಂಬ ಲೆಕ್ಕ ಅದು. ಹಿಂದಿನ ದಿನ ಅದು ಮೊದಲ ಸಲಕ್ಕೆ ಎದ್ದಿರಲಿಲ್ಲ. ಕಾಲಂ ಎಳೆದ ಮೇಲೆ ನಾಲ್ಕು ದಿನ ಒಂದು, ಒಂದು, ಒಂದು, ಒಂದು. ನನ್ನದು ಸುಮ್ಮನೆ ಹೆದರಿಕೆ ಅಂದುಕೊಂಡೆ. ಐದನೆಯ ದಿನ ಎರಡು. ಆಮೇಲೆ ಒಂದು. ಆಮೇಲೆ ಮೂರು.

ವ್ಯಾನು ಅಪ್ಪನದು. ಗುರುವಾರ ಮತ್ತು ಹುಣ್ಣಿಮೆಗೆ ರೈಲು ಸ್ಟೇಷನ್ನಿನಿಂದ ಗಾಣಗಾಪುರಕ್ಕೆ ಯಾತ್ರಿಕರನ್ನು ಕರೆದೊಯ್ಯುತ್ತಿದ್ದ. ಮದುವೆ ದಿನಗಳಲ್ಲಿ ಆಳಂದ, ಜೇವರ್ಗಿ ತನಕ ಹೋಗಿಬರುತ್ತಿದ್ದ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಡಾಕ್ಟರು ಇನ್ನು ಗಾಡಿ ಹೊಡೆಯಬಾರದು ಎಂದರು. ವ್ಯಾನು ಮಾರುವುದೋ ಬೇಡವೋ ಎಂಬ ಮಾತು ಮನೆಯಲ್ಲಿ ಮುಗಿಯುವಷ್ಟರಲ್ಲಿ ನಾನು ಲೈಸೆನ್ಸ್ ಮಾಡಿಸಿಕೊಂಡು ಬಂದಿದ್ದೆ. ಊರಲ್ಲಿ ಗಾಡಿ ಹೊಡೆಯುವ ಹೆಣ್ಣುಮಗಳು ನಾನೊಬ್ಬಳೇ. ಮೊದಲ ತಿಂಗಳು ಗುಡಿಯ ಕಟ್ಟೆಯ ಮೇಲೆ ಕೂತವರು ನಾನು ದಾಟಿದಾಗಲೆಲ್ಲ, ವಿಮಾನ ಬಂತು, ಹಾದಿ ಬಿಡ್ರಿ, ಅನ್ನುತ್ತಿದ್ದರು. ಎಷ್ಟು ಸಲ ಅಂದರು ಎಂದೂ ಬರೆದಿಟ್ಟಿದ್ದೆ. ಹತ್ತೊಂಬತ್ತಕ್ಕೆ ನಿಂತಿತು.

ಬರೆದಿಡುವುದು ನನ್ನ ಚಟ. ಶಾಲೆಯಲ್ಲಿದ್ದಾಗ ಮಳೆ ಬಂದ ದಿನಗಳನ್ನು ಬರೆಯುತ್ತಿದ್ದೆ. ಆಮೇಲೆ ಕರೆಂಟ್ ಹೋದ ಗಂಟೆಗಳನ್ನು. ವ್ಯಾನು ಕೈಗೆ ಬಂದ ಮೇಲೆ ಮೈಲೇಜ್ ಹಿಡಿದುಕೊಂಡೆ. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತದೆ ಎಂದು ಅಪ್ಪ ಎದೆ ತಟ್ಟಿ ಹೇಳುತ್ತಿದ್ದ. ಅಷ್ಟಿರಲಾರದು ಅನ್ನುವುದು ನನ್ನ ವಾದ. ವಾದ ಬಗೆಹರಿಸಲು ಒಂದು ಪದ್ಧತಿ ಮಾಡಿಕೊಂಡೆ. ಪೆಟ್ರೋಲ್ ರಿಸರ್ವ್‌ಗೆ ಬಂದು ಕೆಂಪು ದೀಪ ಹತ್ತುವ ತನಕ ಓಡಿಸುವುದು. ಹತ್ತಿದ ಮೇಲೆ ಸರಿಯಾಗಿ ಐದು ಲೀಟರ್ ಹಾಕಿಸುವುದು. ಮತ್ತೆ ದೀಪ ಹತ್ತುವ ತನಕ ಎಷ್ಟು ಕಿಲೋಮೀಟರ್ ಹೋಯಿತು ಎಂದು ನೋಡಿ ಐದರಿಂದ ಭಾಗಿಸುವುದು. ರಿಸರ್ವ್‌ನಿಂದ ರಿಸರ್ವ್‌ಗೆ. ಇದಕ್ಕಿಂತ ಕರಾರುವಾಕ್ಕಾದ ದಾರಿ ಇಲ್ಲ ಎಂದು ನಾನು ನಂಬಿದ್ದೆ. ಎರಡು ವರ್ಷದಲ್ಲಿ ಹೀಗೆ ನೂರ ಅರವತ್ತೆರಡು ಸಲ ಬರೆದಿದ್ದೇನೆ. ಸರಾಸರಿ ಹದಿಮೂರಕ್ಕಿಂತ ಒಂದು ಕೂದಲೆಳೆ ಹೆಚ್ಚು. ವಾದದಲ್ಲಿ ನಾನೇ ಗೆದ್ದಿದ್ದೆ.

ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡ ಎಂದು ಅಪ್ಪ ಮೊದಲೇ ಹೇಳಿದ್ದ. ಯಾಕೆ ಎಂದು ಕೇಳಿದ್ದೆ. ಬಿಡಬಾರದು, ಅಷ್ಟೇ, ಎಂದಿದ್ದ. ಕಾರಣ ಇಲ್ಲದ ಮಾತನ್ನು ನಾನು ಬರೆದುಕೊಳ್ಳುವುದಿಲ್ಲ.

ನಮ್ಮೂರು ಚೌಡಾಪುರದಿಂದ ಅಫಜಲಪುರಕ್ಕೆ ಹೋಗುವ ದೊಡ್ಡ ರಸ್ತೆಯಿಂದ ಒಳಗೆ ಒಂಬತ್ತು ಕಿಲೋಮೀಟರ್. ಆ ವರ್ಷ ನಮ್ಮ ಹುಡುಗರಿಗೆ ಪರೀಕ್ಷಾ ಕೇಂದ್ರ ಬಂದದ್ದು ಅಫಜಲಪುರಕ್ಕೆ. ಗಂಡುಹುಡುಗರು ಹೇಗೋ ಬೈಕಿನ ಹಿಂದೆ ಜೋತುಬಿದ್ದು ಹೋಗುತ್ತಾರೆ. ಐದು ಹುಡುಗಿಯರಿದ್ದರು. ಬೆಳಗಿನ ಬಸ್ಸು ಹಿಂದಿನ ಊರುಗಳಲ್ಲೇ ತುಂಬಿಕೊಂಡು ಬರುತ್ತದೆ. ಅಲ್ಲೇ ನಡೆದ ಪೂರ್ವಸಿದ್ಧತಾ ಪರೀಕ್ಷೆಯ ದಿನ ಅದು ನಮ್ಮ ಸ್ಟಾಪಿನಲ್ಲಿ ನಿಲ್ಲಲೇ ಇಲ್ಲ. ಅವತ್ತು ಐದೂ ಜನ ಸಿಕ್ಕ ಗಾಡಿಗೆ ಕೈಮಾಡಿ ಹೋದರು. ಬರುವಾಗ ಮೇವಿನ ಟೆಂಪೊದಲ್ಲಿ ನಿಂತುಕೊಂಡು ಬಂದು ಇಳಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ನಾಲ್ಕು ಮನೆಯವರು ಬೈದು ಸುಮ್ಮನಾದರು. ಐದನೆಯ ಮನೆಯವರು, ನಮ್ಮ ಓಣಿಯ ಕೊನೆಯವರು, ಪರೀಕ್ಷೆಯೇ ಬೇಡ ಎಂದುಬಿಟ್ಟರು.

ಆ ಮನೆಯ ಹುಡುಗಿಯ ತಂದೆಗೆ ನಾನು ಕಾಕಾ ಅನ್ನುತ್ತೇನೆ. ಹೊಲ, ಮನೆ, ದಿನಾ ಬೆಳಿಗ್ಗೆ ಲಿಂಗಪೂಜೆ, ಅಷ್ಟೇ ಅವರ ಬದುಕು. ಕೆಟ್ಟವರಲ್ಲ. ಆದರೆ ಒಂದು ಸಲ ಆಡಿದ ಮಾತನ್ನು ತಿರುಗಿ ನುಂಗುವವರಲ್ಲ. ಅವರ ಹೆಂಡತಿ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು, ಇವಳು ಕರೆದುಕೊಂಡು ಹೋಗುತ್ತಾಳೇನು ಕೇಳು, ಎಂದರು. ನಾನು ಪಡಸಾಲೆಯಲ್ಲೇ ಇದ್ದೆ. ಅವತ್ತೇ ಸಂಜೆ ಕಾಕಾನ ಮನೆಗೆ ಹೋದೆ. ಬರಿಗೈಯಲ್ಲಿ ಹೋಗಲಿಲ್ಲ. ಒಂದು ಹಾಳೆಯಲ್ಲಿ ಆರು ಪರೀಕ್ಷೆಯ ವಾರ, ವಿಷಯ, ಹೊರಡುವ ಹೊತ್ತು, ತಿರುಗಿ ಬರುವ ಹೊತ್ತು ಎಲ್ಲ ಗೆರೆ ಹಾಕಿ ಬರೆದುಕೊಂಡು ಹೋಗಿದ್ದೆ. ಏಳೂ ಮುಕ್ಕಾಲಕ್ಕೆ ಬಿಡುವುದು, ಎರಡೂ ಮುಕ್ಕಾಲಕ್ಕೆ ಮನೆ. ಅವರು ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು.

“ಹೊತ್ತಿಗೆ ಸರಿಯಾಗಿ ಬರಬೇಕು. ಒಂದ್ ಪೇಪರ್ ತಪ್ಪಿದ್ರ ಮುಂದಿಂದಕ್ಕೂ ಕಳಸಂಗಿಲ್ಲ. ಈಗೇ ಹೇಳಿರ್ತೇನಿ” ಎಂದರು.

“ಹೌದ್ರಿ ಕಾಕಾ” ಎಂದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅವಳ ಬೆರಳುಗಳು ಮಾತ್ರ ನನಗೆ ಕಾಣುತ್ತಿದ್ದವು.

ಮೊದಲ ಪರೀಕ್ಷೆ ಸೋಮವಾರ, ಕನ್ನಡ. ಸೆಲ್ಫ್ ಎರಡು. ಬುಧವಾರ ಸಮಾಜ. ಸೆಲ್ಫ್ ಮೂರು. ದೊಡ್ಡ ರಸ್ತೆಯ ಏರಿನಲ್ಲಿ ಗಾಡಿ ಎರಡು ಸಲ ಜಗ್ಗಿತು. ಆಕ್ಸಿಲರೇಟರ್ ತುಳಿದರೂ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ. ಹಿಂದೆ ಕೂತ ಹುಡುಗಿಯರು ಪುಸ್ತಕ ತೆರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು, ಗಮನಿಸಲಿಲ್ಲ. ನಾನು ಗಮನಿಸಿದೆ. ಪರೀಕ್ಷೆ ಮುಗಿಯುವ ತನಕ ಹೊರಗೆ ಕೂತು ಬರೆದೆ: ಜಗ್ಗಿದ್ದು ಎರಡು ಸಲ, ಎರಡೂ ಏರಿನಲ್ಲಿ. ಬರೆದರೆ ಮನಸ್ಸಿಗೆ ಸಮಾಧಾನ ಆಗುತ್ತದೆ. ಗಾಡಿಗೆ ಏನೂ ಆಗುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಶುಕ್ರವಾರ ಇಂಗ್ಲಿಷ್. ಹೋಗುವಾಗ ಮೂರು ಸಲ ಜಗ್ಗಿತು. ಬರುವಾಗ, ದೊಡ್ಡ ರಸ್ತೆ ಬಿಟ್ಟು ನಮ್ಮೂರ ಹಾದಿ ಹಿಡಿದು ನಾಲ್ಕು ಕಿಲೋಮೀಟರ್ ಆಗಿರಬಹುದು, ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು. ಎರಡೂವರೆ ಗಂಟೆಯ ಬಿಸಿಲು. ಎರಡೂ ಕಡೆ ಕೊಯ್ದ ಜೋಳದ ಹೊಲ, ನೆರಳಿಗೆ ಒಂದು ಗಿಡ ಇಲ್ಲ. ಚಾವಿ ತಿರುಗಿಸಿದರೆ ಎಂಜಿನ್ ಕರ್ರ್ ಎಂದು ತಿರುಗುತ್ತದೆ, ಹೊತ್ತುವುದಿಲ್ಲ. ಹುಡುಗಿಯರು ಇಳಿದು ತಳ್ಳಿದರು. ತಳ್ಳುತ್ತಲೇ ಒಬ್ಬಳು, “ಅಕ್ಕಾ, ಸೋಮವಾರ ಗಣಿತ ಅದ ಅಂತ ಇದಕ್ಕೂ ಅಂಜಿಕಿ ಬಂದದ” ಎಂದಳು. ಇನ್ನೊಬ್ಬಳು, ಗ್ರೇಸ್ ಮಾರ್ಕ್ಸ್ ಹಾಕಿ ಪಾಸ್ ಮಾಡ್ರಿ, ಎಂದಳು. ಎಲ್ಲರೂ ನಕ್ಕರು. ಓಣಿಯ ಕೊನೆಯ ಮನೆಯ ಹುಡುಗಿ ನಗಲಿಲ್ಲ. ಅವಳು ನನ್ನ ಕೈಗಡಿಯಾರ ನೋಡುತ್ತಿದ್ದಳು.

ಮೂವತ್ತೈದು ನಿಮಿಷ ಕಾದೆವು. ಆಮೇಲೆ ಸೆಲ್ಫ್ ಹೊಡೆದರೆ ಆರನೆಯದಕ್ಕೆ ಎದ್ದಿತು, ಏನೂ ಆಗಿಲ್ಲ ಎಂಬ ಹಾಗೆ. ಊರು ಮುಟ್ಟಿದಾಗ ಮೂರೂ ಇಪ್ಪತ್ತೆಂಟು. ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತಿದ್ದರು. ಕೂತಿರಲಿಲ್ಲ.

“ಯಾಕ ತಡ?”

“ಪಂಚರ್ ಆಗಿತ್ರಿ ಕಾಕಾ” ಎಂದೆ.

ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಗಾಡಿ ಯಾಕೆ ನಿಂತಿತು ಎಂಬುದು ಗೊತ್ತಿಲ್ಲ ಎಂದು ಹೇಳುವ ಧೈರ್ಯ ಇರಲಿಲ್ಲ. ಪಂಚರ್ ಯಾರಿಗಾದರೂ ಆಗುತ್ತದೆ, ಮತ್ತೆ ಆಗಬೇಕೆಂದೇನೂ ಇಲ್ಲ. ಕಾಕಾ ಮಗಳ ಕಡೆ ನೋಡಿದರು. ಅವಳು ಹೌದೆನ್ನುವಂತೆ ತಲೆಯಾಡಿಸಿ ಒಳಗೆ ಹೋದಳು. ಅವತ್ತಿನ ಪುಟದಲ್ಲಿ ನಾನು ಎರಡು ಸಾಲು ಬರೆದೆ. ನಿಂತ ಕಾರಣ: ಗೊತ್ತಿಲ್ಲ. ಹೇಳಿದ ಕಾರಣ: ಪಂಚರ್. ಒಂದೇ ಸಂಗತಿಗೆ ಎರಡು ಸಾಲು ಬರೆದದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ವ್ಯಾನನ್ನು ಅಫಜಲಪುರಕ್ಕೆ ಒಯ್ದೆ. ಹಾದಿಯಲ್ಲಿ ಒಂದು ಸಲ ನಿಂತಿತು. ಬಸ್ ಸ್ಟ್ಯಾಂಡಿನ ಹಿಂದೆ ಅಪ್ಪನ ಕಾಲದಿಂದ ಗೊತ್ತಿರುವ ಮಿಸ್ತ್ರಿ ಇದ್ದಾರೆ. ಆಳಂದದಲ್ಲಿ ಕೆಲಸ ಕಲಿತು ಬಂದವರು, ಅರವತ್ತರ ಹತ್ತಿರದ ವಯಸ್ಸು. ನಾನು ಚಾಚಾ ಅನ್ನುತ್ತೇನೆ, ಅವರು ನನ್ನನ್ನು ಬೇಟಿ ಅನ್ನುತ್ತಾರೆ. ನಾನು ಹೇಳುವುದನ್ನೆಲ್ಲ ಕೇಳಿ ಮೊದಲು ಪೆಟ್ರೋಲಿನ ಫಿಲ್ಟರ್ ಬದಲಿಸಿದರು. ಬದಲಿಸಿ ಒಂದು ಸುತ್ತು ಹೋಗಿ ಬಂದರು. ಬಂದು ಇಳಿದಾಗ ಅವರ ಮುಖ ನೋಡಿಯೇ ಗೊತ್ತಾಯಿತು.

ನನ್ನನ್ನು ವ್ಯಾನಿನೊಳಗೆ ಕೂರಿಸಿ, ಎಂಜಿನ್ ಎಬ್ಬಿಸದೆ ಚಾವಿಯನ್ನು ಅರ್ಧ ಮಾತ್ರ ತಿರುಗಿಸಲು ಹೇಳಿದರು. ತಾವು ಕೆಳಗೆ ಮಲಗಿ ಟ್ಯಾಂಕಿಗೆ ಕಿವಿ ಹಚ್ಚಿದರು. ಟ್ಯಾಂಕಿನ ಒಳಗೆ ಪೆಟ್ರೋಲನ್ನು ಎಂಜಿನ್ನಿಗೆ ದೂಡುವ ಒಂದು ಪಂಪು ಇರುತ್ತದೆ, ಕರೆಂಟಿನಿಂದ ನಡೆಯುವುದು; ಚಾವಿ ತಿರುಗಿಸಿದ ಕೂಡಲೇ ಎರಡು ಸೆಕೆಂಡು ದುಂಬಿಯ ಹಾಗೆ ಗುಂಯ್ ಅನ್ನಬೇಕು ಎಂದರು. ಆಮೇಲೆ ನನ್ನನ್ನು ಕರೆದು ಕೇಳಿಸಿದರು. ದುಂಬಿಯ ಹಾಗಿರಲಿಲ್ಲ. ಬೋಗುಣಿಯ ತಳ ಕೆರೆದ ಹಾಗಿತ್ತು.

“ಪಂಪ್ ಹೋಗ್ಯಾದ ಬೇಟಿ. ಥಂಡಿ ಇದ್ದಾಗ ನಡೀತದ, ಗರಮ್ ಆತಂದ್ರ ನಿಲ್ತದ. ಇವತ್ತೋ ನಾಳೆಯೋ ಪೂರಾ ಹೋಗ್ತದ” ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ, ಈ ಪಂಪು ಇಷ್ಟು ಬೇಗ ಸುಡುವಂಥದ್ದಲ್ಲವಲ್ಲ, ಪೆಟ್ರೋಲ್ ಎಷ್ಟು ಹಾಕಿಸುತ್ತೀರಿ, ಎಂದು ಕೇಳಿದರು.

ಇಂಥ ಪ್ರಶ್ನೆ ಕೇಳುವವರಿಗಾಗಿ ನಾನು ಎರಡು ವರ್ಷದಿಂದ ಕಾದಿದ್ದೆ. ನೋಟ್‌ಬುಕ್ ತೆಗೆದು ಕೊಟ್ಟೆ. ಚಾಚಾ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ನೋಡಿದರು. ರಿಸರ್ವ್, ಐದು ಲೀಟರ್, ರಿಸರ್ವ್, ಐದು ಲೀಟರ್. ಪುಟ ತಿರುವಿದರು. ಮತ್ತೆ ತಿರುವಿದರು. ನಾನು ಮೈಲೇಜಿನ ಬಗ್ಗೆ ಏನಾದರೂ ಅನ್ನುತ್ತಾರೆ ಎಂದು ಕಾದೆ.

“ಯಾವತ್ತೂ ಟ್ಯಾಂಕಿ ತುಂಬಿಸಿಲ್ಲೇನು?”

“ತುಂಬಿಸಿದ್ರ ಲೆಕ್ಕ ತಪ್ತದಲ್ರಿ ಚಾಚಾ” ಎಂದೆ.

ಅವರು ನಗಲಿಲ್ಲ. ನೋಟ್‌ಬುಕ್ಕನ್ನು ಮುಚ್ಚಿ, ಅದರ ಮೇಲಿನ ಗ್ರೀಸಿನ ಬೆರಳಚ್ಚನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿ, ವಾಪಸ್ ಕೊಟ್ಟರು. ಆ ಪಂಪು ಪೆಟ್ರೋಲಿನೊಳಗೆ ಮುಳುಗಿರಬೇಕು. ಅದನ್ನು ತಣ್ಣಗಿಡುವುದು ಸುತ್ತ ಇರುವ ಪೆಟ್ರೋಲೇ. ಟ್ಯಾಂಕು ಬರಿದಾಗಿದ್ದರೆ ಅದು ಮೇಲೆ ಎದ್ದು ನಿಂತು, ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. “ಎರಡ್ ವರ್ಷ ದಿನಾ ಸುಟ್ಟೀರಿ. ತಾರೀಖು ಸುದ್ದಾ ಬರ್ದಿಟ್ಟೀರಿ” ಎಂದರು. ಗದರಿಸಿ ಹೇಳಲಿಲ್ಲ. ಗದರಿಸಿದ್ದರೆ ಒಳ್ಳೆಯದಿತ್ತು.

ಹೊಸ ಪಂಪು ಅಫಜಲಪುರದಲ್ಲಿ ಸಿಗುವುದಿಲ್ಲ. ಕಲಬುರಗಿಯ ಅಂಗಡಿಗೆ ಚಾಚಾ ಫೋನ್ ಮಾಡಿದರು. ನಮ್ಮ ಕಡೆ ಸಾಮಾನು ಬರುವ ಪದ್ಧತಿ ಹೀಗೆ: ಅಂಗಡಿಯವ ಡಬ್ಬಿಯನ್ನು ಈ ಕಡೆ ಬರುವ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ಬಸ್ಸಿನ ನಂಬರಿನ ಕೊನೆಯ ನಾಲ್ಕು ಅಂಕಿ ಫೋನಿನಲ್ಲಿ ಹೇಳುತ್ತಾನೆ. ನಾವು ಸ್ಟ್ಯಾಂಡಿನಲ್ಲಿ ನಿಂತು ಆ ನಂಬರಿಗೆ ಕಾಯಬೇಕು. ಮೂರು ಗಂಟೆಗೆ ನಂಬರು ಬಂತು. ಅಂಗೈ ಮೇಲೆ ಬರೆದುಕೊಂಡು ನಿಂತೆ. ನಾಲ್ಕೂವರೆ, ಐದು, ಐದೂ ಕಾಲು. ಏಳು ಬಸ್ಸು ಬಂದವು. ಯಾವುದೂ ಆ ನಂಬರಿನದಲ್ಲ. ಆಮೇಲೆ ಗೊತ್ತಾಯಿತು, ಆ ಬಸ್ಸು ಕಲಬುರಗಿ ಬಿಡುವ ಮೊದಲೇ ಕೆಟ್ಟು ಡಿಪೋಗೆ ಹೋಗಿತ್ತು, ಡಬ್ಬಿ ಅಂಗಡಿಗೆ ತಿರುಗಿ ಬಂದಿತ್ತು. ಅಷ್ಟರಲ್ಲಿ ಅಂಗಡಿಯ ಬಾಗಿಲು ಹಾಕಿದ್ದರು. ಮರುದಿನ ಭಾನುವಾರ, ಅಂಗಡಿ ಇಲ್ಲ. ಅಂಗಡಿಯವರ ಮನೆ ಅಂಗಡಿಯ ಮೇಲೇ ಇದೆ ಎಂಬುದು ಚಾಚಾಗೆ ಗೊತ್ತಿತ್ತು. ಫೋನಿನಲ್ಲಿ ಉರ್ದುವಿನಲ್ಲಿ ತುಂಬ ಹೊತ್ತು ಮಾತಾಡಿದರು. ಅದರಲ್ಲಿ ನನಗೆ ತಿಳಿದದ್ದು ‘ಬಚ್ಚಿಯಾಂ’ ಮತ್ತು ‘ಇಮ್ತಿಹಾನ್’ ಎಂಬ ಎರಡು ಮಾತು. ಹೆಣ್ಣುಮಕ್ಕಳು, ಪರೀಕ್ಷೆ. ಬೆಳಗಿನ ಮೊದಲ ಬಸ್ಸಿಗೆ ಕಳಿಸುತ್ತಾರಂತೆ ಎಂದರು.

ವ್ಯಾನನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಬಂದೆ. ಕಾಕಾನ ಮನೆ ದಾಟದೆ ಹೋಗಲು ಗುಡಿಯ ಹಿಂದಿನ ಓಣಿ ಹಿಡಿದೆ. ನಮ್ಮ ಅಂಗಳದಲ್ಲಿ ವ್ಯಾನು ನಿಲ್ಲುವ ಜಾಗ ಖಾಲಿ ಇರುವುದು ಊರಿಗೆಲ್ಲ ಕಾಣುತ್ತದೆ ಎಂಬುದು ನೆನಪಾದದ್ದು ಬಾಗಿಲಲ್ಲಿ ನಿಂತ ಮೇಲೆ.

ಅಪ್ಪನಿಗೆ ಹೇಳಲೇಬೇಕಿತ್ತು. ಹೊರಸಿನ ಮೇಲೆ ಮಲಗಿ ರೇಡಿಯೊ ಕೇಳುತ್ತಿದ್ದ. ಪಂಪು ಯಾಕೆ ಸುಟ್ಟಿತು ಎಂದು ಮೊದಲಿಂದ ಕೊನೆಯ ತನಕ ಹೇಳಿದೆ. ರೇಡಿಯೊ ಸಣ್ಣ ಮಾಡಿ ಕೇಳಿದ.

“ಈಗ ಕಾರಣ ಸಿಕ್ತಲ್ಲ ಬೇ. ಬರ್ಕೋ” ಎಂದ. ತನಗೂ ಕಾರಣ ಗೊತ್ತಿರಲಿಲ್ಲ, ತನಗೆ ಗಾಡಿ ಮಾರಿದವನು ಹಾಗೆ ಹೇಳಿದ್ದ, ಎಂದ. ನನಗೆ ಅಳು ಬಂತು. ಕಣ್ಣು ಸರಿಯಾಗಿ ಕಾಣದವನ ಮುಂದೆ ಅಳುವುದು ಸುಲಭ ಅಂದುಕೊಂಡಿದ್ದೆ. ಅವನು ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದ.

ಆ ರಾತ್ರಿ ನಿದ್ದೆಗಿಂತ ಲೆಕ್ಕವೇ ಹೆಚ್ಚು. ಮೊದಲ ಬಸ್ಸು ಬರದಿದ್ದರೆ? ಪಂಪು ಬೇರೆ ಮಾದರಿಯದಿದ್ದರೆ? ನಾಲ್ಕು ಹುಡುಗಿಯರನ್ನು ಅವರ ಮನೆಯವರು ಹೇಗೋ ಕಳಿಸುತ್ತಾರೆ. ಐದನೆಯವಳ ಗಣಿತ ತಪ್ಪಿದರೆ ವಿಜ್ಞಾನವೂ ತಪ್ಪುತ್ತದೆ, ಹಿಂದಿಯೂ ತಪ್ಪುತ್ತದೆ. ಅವಳು ಬರೆದ ಮೂರು ಪೇಪರ್ ಎಲ್ಲೋ ಕಟ್ಟಿನಲ್ಲಿ ಉಳಿಯುತ್ತವೆ. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕಟ್ಟು ಎಂದು ಹೇಳುವವರು ಆ ಮನೆಯಲ್ಲಿ ಯಾರೂ ಇಲ್ಲ.

ಭಾನುವಾರ ಬೆಳಿಗ್ಗೆಯೇ ಅಫಜಲಪುರಕ್ಕೆ ಹೋಗಿ ಮತ್ತೆ ಸ್ಟ್ಯಾಂಡಿನಲ್ಲಿ ನಿಂತೆ. ಒಂಬತ್ತೂ ಹತ್ತಕ್ಕೆ ಬಸ್ಸು ಬಂತು. ಕಂಡಕ್ಟರನ ಸೀಟಿನ ಕೆಳಗೆ, ಯಾರದೋ ಚೆಂಡುಹೂವಿನ ಗಂಟಿನ ಪಕ್ಕ, ಡಬ್ಬಿ ಇತ್ತು. ಕಂಡಕ್ಟರ್ ಅದನ್ನು ನನ್ನ ಕೈಗಿಟ್ಟು, ಜ್ವಾಕಿ, ಕಲಬುರಗಿಯಿಂದ ಕಾಲಾಗೇ ಹಿಡ್ಕೊಂಡ್ ಬಂದೀನಿ, ಎಂದ. ಹೂವಿನ ವಾಸನೆ ಹತ್ತಿದ ಡಬ್ಬಿಯನ್ನು ಎದೆಗವಚಿಕೊಂಡು ಚಾಚಾನ ಶೆಡ್ಡಿಗೆ ಓಡಿದೆ.

ಚಾಚಾ ಬ್ಯಾಟರಿಯ ತಂತಿ ಬಿಚ್ಚಿದರು. ಪಕ್ಕದ ಚಹಾದಂಗಡಿಯವನಿಗೆ ಒಲೆ ಆರಿಸಲು ಹೇಳಿದರು. ಬೀಡಿ ಸೇದುತ್ತ ನೋಡಲು ಬಂದವನನ್ನು, ದೂರ ನಿಲ್ಲೋ ಲೇ, ಎಂದು ಅಟ್ಟಿದರು. ನೆಲಕ್ಕೆ ನೀರು ಚೆಲ್ಲಿದರು. ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದಾಗ ಎರಡು ಲೀಟರ್ ಕೂಡ ಬರಲಿಲ್ಲ. ಇಳಿಸುವುದು ಹಗುರ ಆಯಿತು ನೋಡ್ರಿ, ಎಂದು ಮೊದಲ ಸಲ ನಕ್ಕರು. ಜಾಕಿನ ಮೇಲೆ ಹಲಗೆ ಇಟ್ಟು, ಟ್ಯಾಂಕಿನ ಪಟ್ಟಿ ಬಿಚ್ಚಿ, ಹಸುಗೂಸನ್ನು ಇಳಿಸುವ ಹಾಗೆ ನಿಧಾನವಾಗಿ ಇಳಿಸಿದರು. ಪಂಪನ್ನು ಮುಚ್ಚಿದ ಮೇಲಿನ ಬಿಲ್ಲೆಯ ಸುತ್ತ ಎರಡು ವರ್ಷದ ಮಣ್ಣು. ಅದನ್ನು ಬ್ರಷ್ಷಿನಿಂದ ಒರೆಸದೆ ತೆಗೆಯಲಿಲ್ಲ. ಒಂದು ಹರಳು ಒಳಗೆ ಬಿದ್ದರೆ ಹೊಸ ಪಂಪೂ ಹೋಗುತ್ತದೆ ಎಂದರು. ಹಳೆಯ ಪಂಪು ಹೊರಗೆ ಬಂತು. ನನ್ನ ಮುಷ್ಟಿಗಿಂತ ಸ್ವಲ್ಪ ಉದ್ದ. ಒಂದು ಬದಿ ಕಂದಿ ಕಪ್ಪಾಗಿತ್ತು, ಅದರ ತುದಿಯ ಜಾಲರಿ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಹೊಸದನ್ನು ಪಕ್ಕದಲ್ಲಿಟ್ಟು ಅಳತೆ ನೋಡಿದರು. ಅದೇ ಅಳತೆ. ಹೊಸ ಜಾಲರಿ, ಹೊಸ ರಬ್ಬರ್ ರಿಂಗು ಹಾಕಿ ಕೂರಿಸಿ, ಟ್ಯಾಂಕು ಮೇಲೇರಿಸಿದರು. ಚಾವಿ ಅರ್ಧ ತಿರುಗಿಸಿದೆ. ಗುಂಯ್ ಅಂತು.

ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿಸಿದೆ. ಮುಳ್ಳು ಅಷ್ಟು ಮೇಲೆ ಹೋಗುವುದನ್ನು ನಾನು ನೋಡಿಯೇ ಇರಲಿಲ್ಲ. ಊರ ತನಕ ಗಾಡಿ ಒಂದು ಸಲವೂ ಜಗ್ಗಲಿಲ್ಲ. ಹಾಗಿದ್ದೂ ಪ್ರತಿ ಏರಿನಲ್ಲಿ ನನ್ನ ಬೆನ್ನು ತಾನಾಗಿ ಬಿಗಿಯುತ್ತಿತ್ತು. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತ ಬಂದೆ. ಗಾಡಿ ಸರಿಯಾಗಿದೆ, ಪಂಚರ್ ಎಂದದ್ದು ಪಂಚರ್ ಆಗಿಯೇ ಇರಲಿ.

ನಮ್ಮ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕಾಕಾ ಕೂತಿದ್ದರು. ಅಪ್ಪ ಏನೂ ಹೇಳಿಲ್ಲ ಎಂಬುದು ಅವನು ಮುಖ ಆಚೆ ತಿರುಗಿಸಿ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

“ಶುಕ್ರವಾರ ಸಂಜಿಕ ಈ ಗಾಡಿ ನೋಡಿದೆ” ಎಂದರು ಕಾಕಾ. “ಸ್ಟೆಪ್ನಿ ಮ್ಯಾಲಿನ ಧೂಳ ಹಂಗೇ ಇತ್ತು. ನಾಲ್ಕೂ ಗಾಲಿ ಹಳೇವು. ಪಂಚರ್ ಆದ ಗಾಲಿ ಯಾವುದು?”

ಎಲ್ಲ ಹೇಳಿದೆ. ಜಗ್ಗಿದ್ದು, ನಿಂತದ್ದು, ಪಂಪು ಸುಟ್ಟದ್ದು, ಸುಟ್ಟದ್ದು ನನ್ನಿಂದ ಎಂಬುದು, ಬಸ್ಸು ಕೆಟ್ಟದ್ದು, ಈಗ ಹೊಸದು ಹಾಕಿಸಿದ್ದು. ಹೇಳುತ್ತ ಹೋದಂತೆ ನನ್ನ ಮಾತು ಗಣಿತದ ಉತ್ತರದ ಹಾಗೆ ಹಂತಹಂತವಾಗಿ ಬರುತ್ತಿತ್ತು. ಅದಕ್ಕೂ ನನಗೆ ನಾಚಿಕೆಯಾಯಿತು.

“ಗಾಡಿ ಕೆಡ್ತದ. ಅದಕ್ಕ ನಾ ಏನೂ ಅನ್ನಂಗಿಲ್ಲ” ಎಂದರು. “ನಿನ್ನ ಸುಳ್ಳು ಉಳಸಾಕ ನನ್ನ ಮಗಳು ಎರಡ್ ದಿನ ನನ್ನ ಮುಖ ನೋಡಿಲ್ಲ. ಪುಸ್ತಕ ಹಿಡ್ಕೊಂಡು ಮೂಲ್ಯಾಗ ಕುಂತಾಳ. ಓದಾಕತ್ತಾಳೋ ಅಂಜಾಕತ್ತಾಳೋ ನನಗೇನ್ ಗೊತ್ತು.”

ತಪ್ಪಾಯಿತು ಎಂದೆ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಹಾಗೇ ಹೊರಟುಹೋಗುತ್ತಾರೆ, ಎಲ್ಲ ಮುಗಿಯಿತು ಅಂದುಕೊಂಡೆ. ಓಣಿಗೆ ಇಳಿದ ಮೇಲೆ ತಿರುಗಿದರು.

“ನಾಳೆ ನಾನೂ ಬರ್ತೇನಿ. ಗಾಡಿ ನಿಂತ್ರ ಮಗಳನ್ನ ಎತ್ಗೊಂಡರ ಹೋಗ್ತೇನಿ.”

ಸೋಮವಾರ ಏಳೂ ಮುಕ್ಕಾಲಕ್ಕೆ ಬಿಟ್ಟೆವು. ಸೆಲ್ಫ್ ಒಂದು. ಕಾಕಾ ಮುಂದೆ ಕೂರಲಿಲ್ಲ. ಹಿಂದೆ, ಹುಡುಗಿಯರ ನಡುವೆ, ಮೊಣಕಾಲು ಎದೆಯ ತನಕ ಮಡಚಿಕೊಂಡು ಕೂತರು. ಅವರಿದ್ದದ್ದಕ್ಕೆ ಯಾರೂ ಬಾಯಿಪಾಠ ಮಾಡಲಿಲ್ಲ, ಯಾರೂ ನಗಲಿಲ್ಲ. ದೊಡ್ಡ ರಸ್ತೆಯ ಏರು ಬಂದಾಗ ಕನ್ನಡಿಯಲ್ಲಿ ನೋಡಿದೆ. ಏಳೂ ಜನರಲ್ಲಿ ಆರು ಜನ ಮುಂದಿನ ಸೀಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಏಳನೆಯವಳು ನಾನು ಸ್ಟಿಯರಿಂಗು. ಏರು ಮುಗಿಯಿತು. ಗಾಡಿ ಏನೂ ಅನ್ನಲಿಲ್ಲ.

ಹುಡುಗಿಯರು ಒಳಗೆ ಹೋದ ಮೇಲೆ ಕಾಂಪೌಂಡಿನ ಹೊರಗೆ ಬೇವಿನ ಗಿಡದ ಕೆಳಗೆ ಇಬ್ಬರೇ ಉಳಿದೆವು. ಮೂರು ಗಂಟೆಗೂ ಮೇಲೆ. ಕಾಕಾ ಒಂದು ಕಲ್ಲಿನ ಮೇಲೆ ಕೂತು, ಆ ಪಂಪು ಎಲ್ಲಿರುತ್ತದೆ ಎಂದು ಕೇಳಿದರು. ತೋರಿಸಿದೆ. ಬಗ್ಗಿ ವ್ಯಾನಿನ ಕೆಳಗೆ ನೋಡಿದರು. ಪೆಟ್ರೋಲಿನೊಳಗೆ ಮುಳುಗಿರಬೇಕು, ಇಲ್ಲದಿದ್ದರೆ ಸುಡುತ್ತದೆ ಎಂದೆ.

“ಬೋರಿನ ಮೋಟರ್ ಇದ್ದಂಗೇ ಆತಲ್ಲ ಇದು” ಎಂದರು. “ನೀರು ಇಳದ್ ಮ್ಯಾಲ ಮೋಟರ್ ಚಾಲೂ ಇಟ್ರ ಸುಡ್ತದ. ಊರಾಗ ಯಾರಿಗಿ ಕೇಳಿದ್ರೂ ಹೇಳ್ತಿದ್ರು. ಎರಡ್ ವರ್ಷ ಬರ್ದಿ, ಒಬ್ಬರಿಗಿ ಒಂದ್ ಮಾತು ಕೇಳಲಿಲ್ಲ.”

ಹೌದು. ನಮ್ಮೂರಿನಲ್ಲಿ ಒಂದಲ್ಲ ಒಂದು ಬೇಸಿಗೆಯಲ್ಲಿ ಬೋರಿನ ಮೋಟರ್ ಸುಟ್ಟುಕೊಳ್ಳದ ಮನೆ ಇಲ್ಲ. ನೀರು ಇಳಿದಿದೆಯೇನು ನೋಡಿ ಮೋಟರ್ ಹಚ್ಚು ಎಂದು ಅವ್ವ ಹೇಳುವುದನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ಟ್ಯಾಂಕಿನೊಳಗೂ ಅಂಥದೇ ಒಂದು ಮೋಟರ್ ಇದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಭಾಗಾಕಾರ ಮಾತ್ರ.

ಗಂಟೆ ಹೊಡೆದ ಮೇಲೆ ಹುಡುಗಿಯರು ಗುಂಪಿನಲ್ಲಿ ಬಂದರು. ಅವಳು ಕೊನೆಗೆ ಬಂದಳು. ನನ್ನ ಕಡೆ ಬರದೆ ನೇರ ತಂದೆಯ ಮುಂದೆ ಹೋಗಿ ನಿಂತಳು.

“ಎರಡು ಲೆಕ್ಕ ಬಿಟ್ಟೇನಿ ಅಪ್ಪಾ. ಉಳದಿದ್ದೆಲ್ಲಾ ಮಾಡೇನಿ” ಎಂದಳು. ಅವರ ಮುಖ ನೋಡಿಯೇ ಹೇಳಿದಳು.

ಅವರು ಪ್ರಶ್ನೆಪತ್ರಿಕೆ ಇಸಿದುಕೊಂಡು, ಅರ್ಥವಾದವರಂತೆ ಎರಡೂ ಬದಿ ನೋಡಿ, ತಿರುಗಿ ಕೊಟ್ಟರು. ನೀರು ಕುಡಿ ಎಂದು ಬಾಟಲಿ ಕೊಟ್ಟರು.

ಮನೆಗೆ ಎರಡೂ ನಲವತ್ತಕ್ಕೆ ಮುಟ್ಟಿದೆವು. ಕಾಕಾ ಇಳಿದು ಮರಗಟ್ಟಿದ ಕಾಲನ್ನು ಒಂದೆರಡು ಸಲ ನೆಲಕ್ಕೆ ಬಡಿದರು. ಮಗಳು ಒಳಗೆ ಹೋಗುವ ತನಕ ನಿಂತು, ಆಮೇಲೆ ನನ್ನ ಕಿಟಕಿಯ ಹತ್ತಿರ ಬಂದರು.

“ಬುಧವಾರ ಜ್ವಾಳದ ರಾಶಿ ಅದ, ನನಗ ಬರಾಕ ಆಗಂಗಿಲ್ಲ” ಎಂದರು. “ನೀವೇ ಹೋಗಿ ಬರ್ರಿ. ತಡ ಆದ್ರ ಫೋನ್ ಹಚ್ಚಿ ಖರೇ ಹೇಳವಾ. ನಾ ಕಾಯ್ತೇನಿ.”